ಪ್ಲಾಸ್ಟಿಕ್ ವೇಷಕವಚ

ಪ್ಲಾಸ್ಟಿಕ್ ವೇಷಕವಚ ಎಂದರೆ ನಾಟಕ, ಬಯಲಾಟ, ಮೆರವಣಿಗೆ, ಛದ್ಮವೇಷ ಸ್ಪರ್ಧೆ ಮೊದಲಾದ ಸಂದರ್ಭಗಳಲ್ಲಿ ಯೋಧ ಅಥವಾ ರಾಜನ ಪಾತ್ರಕ್ಕಾಗಿ ಪ್ಲಾಸ್ಟಿಕ್ ಹಾಳೆ, ಕೊಳವೆ ಇಲ್ಲವೆ ಫೋಮ್‌ನಿಂದ ತಯಾರಿಸಿ ತೊಡುವ ಕೃತಕ ಕವಚ. ಇದು ಲೋಹದ ಕವಚದ ನೋಟವನ್ನು ಕೊಡುತ್ತದೆ, ಆದರೆ ಅದರ ರಕ್ಷಣೆಯನ್ನು ಕೊಡುವುದಿಲ್ಲ. ಮನೆಯಲ್ಲಿಯೇ ತಯಾರಿಸುವ ಇಂತಹ ಕವಚಗಳಲ್ಲಿ ಆಕಾರ ಮತ್ತು ಬಣ್ಣಕ್ಕಿಂತಲೂ ತೊಡುವವನ ಮೈಗೆ ಹೊಂದಿಸುವ ಕೆಲಸ ಹೆಚ್ಚು ಕಷ್ಟದ್ದು. ಪ್ಲಾಸ್ಟಿಕ್ ಬಟ್ಟೆಯಂತೆ ಹಿಗ್ಗುವುದಿಲ್ಲ, ಬೆವರನ್ನು ಹೀರುವುದಿಲ್ಲ ಮತ್ತು ಕೀಲುಗಳ ಬಳಿ ತಾನಾಗಿ ಬಾಗುವುದಿಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಂತೆ ರಾತ್ರಿಯಿಡೀ ಹಾಡಿ, ಕುಣಿದು, ಮಾತನಾಡಬೇಕಾದ ಪ್ರಯೋಗಗಳಲ್ಲಿ ಈ ಗುಣಗಳು ನಟನ ಉಸಿರು, ಧ್ವನಿ ಮತ್ತು ಹೆಜ್ಜೆಗಳ ಮೇಲೆ ನೇರ ಪರಿಣಾಮ ಬೀರುತ್ತವೆ.

ಹೆಸರು ಮತ್ತು ಭಾಗಗಳು

ಕವಚ ಎಂಬುದು ಸಂಸ್ಕೃತ ಮೂಲದ ಪದ. ನಡುಗನ್ನಡ ಕಾವ್ಯಗಳಲ್ಲಿ ಇದೇ ಅರ್ಥಕ್ಕೆ ಜೋಡು ಎಂಬ ಪದವೂ ಬಳಕೆಯಲ್ಲಿದೆ. ವೇಷಕವಚವನ್ನು ಸಾಮಾನ್ಯವಾಗಿ ಕೆಳಗಿನ ಭಾಗಗಳಾಗಿ ವಿಂಗಡಿಸಲಾಗುತ್ತದೆ.

- ಶಿರಸ್ತ್ರಾಣ ಅಥವಾ ಕಿರೀಟ: ತಲೆಯ ಭಾಗ.
- ಎದೆಗವಚ ಮತ್ತು ಬೆನ್ನುಗವಚ: ಮುಂಡದ ಮುಂದಿನ ಮತ್ತು ಹಿಂದಿನ ಫಲಕಗಳು.
- ಭುಜಕೀರ್ತಿ: ಹೆಗಲಿನ ಮೇಲೆ ನಿಲ್ಲುವ ಭಾಗ.
- ತೋಳುಪಟ್ಟಿ ಮತ್ತು ಮುಂಗೈ ಕವಚ: ಮೊಣಕೈಯ ಮೇಲಿನ ಮತ್ತು ಕೆಳಗಿನ ಭಾಗಗಳು.
- ಸೊಂಟಪಟ್ಟಿ ಮತ್ತು ತೊಡೆಗವಚ.
- ಕಣಕಾಲು ಕವಚ: ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗಿನ ಭಾಗ.

ಕರ್ನಾಟಕದಲ್ಲಿ ಹಿನ್ನೆಲೆ

ಕರ್ನಾಟಕದ ಜನಪದ ರಂಗಭೂಮಿಯಲ್ಲಿ ಹಗುರ ವಸ್ತುಗಳಿಂದ ರಾಜವೇಷದ ಆಭರಣ ಮತ್ತು ಕವಚಗಳನ್ನು ತಯಾರಿಸುವ ಪದ್ಧತಿ ಹಳೆಯದು. ಕರಾವಳಿಯ ಯಕ್ಷಗಾನದಲ್ಲಿ ಭುಜಕೀರ್ತಿ, ಎದೆಕಟ್ಟು, ತೋಳುಕಟ್ಟು, ಸೊಂಟದ ಡಾಬು ಮೊದಲಾದವನ್ನು ಹಗುರ ಮರದಲ್ಲಿ ಕೆತ್ತಿ, ಮೇಲೆ ಚಿನ್ನದ ಬಣ್ಣದ ಬೇಗಡೆ ಮತ್ತು ಕನ್ನಡಿ ಚೂರುಗಳನ್ನು ಅಂಟಿಸಲಾಗುತ್ತದೆ. ಬಯಲುಸೀಮೆಯ ದೊಡ್ಡಾಟ ಮತ್ತು ಮೂಡಲಪಾಯಗಳಲ್ಲಿಯೂ ಕಿರೀಟ, ಭುಜಕೀರ್ತಿ ಮತ್ತು ಎದೆಹಾರಗಳು ರಾಜವೇಷದ ಮುಖ್ಯ ಅಂಗಗಳಾಗಿವೆ. ಈ ಎಲ್ಲ ಭಾಗಗಳನ್ನು ದಾರ ಅಥವಾ ಲಾಡಿಗಳಿಂದ ಬಿಗಿಯುವುದರಿಂದ ಒಂದೇ ಜೊತೆ ಆಭರಣವನ್ನು ಬೇರೆ ಬೇರೆ ಮೈಕಟ್ಟಿನ ನಟರು ತೊಡಲು ಸಾಧ್ಯವಾಗುತ್ತದೆ.

ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗವು ದೊಡ್ಡಾಟದ ಪ್ರದೇಶಕ್ಕೆ ಸೇರಿದೆ. ಹುಬ್ಬಳ್ಳಿ-ಹಾವೇರಿ ರೈಲುಮಾರ್ಗದಲ್ಲಿರುವ ಕುಂದಗೋಳ ತಾಲ್ಲೂಕಿನ ಸಂಶಿ ಹಾಗೂ ನವಲಗುಂದ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಊರುಗಳು ಈ ಭಾಗದಲ್ಲಿವೆ. ದೊಡ್ಡಾಟದಲ್ಲಿ ಪಾತ್ರ ಮಾಡುವವರು ಬಹುಪಾಲು ವೃತ್ತಿಕಲಾವಿದರಲ್ಲ. ಅವರು ಊರಿನ ರೈತರು ಮತ್ತು ಕೂಲಿಕಾರರು. ಸುಗ್ಗಿಯ ನಂತರದ ಬಿಡುವಿನಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಸಿ, ಜಾತ್ರೆ ಅಥವಾ ಹಬ್ಬದ ರಾತ್ರಿ ಆಟ ಆಡುತ್ತಾರೆ. ಪೌರಾಣಿಕ ನಾಟಕಗಳನ್ನು ಆಡುವ ಹವ್ಯಾಸಿ ತಂಡಗಳೂ ಇದೇ ರೀತಿ ಕೆಲಸ ಮಾಡುತ್ತವೆ. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯಂತಹ ಮಹಾಭಾರತದ ನಾಟಕಗಳು ಇಂತಹ ತಂಡಗಳಲ್ಲಿ ಪ್ರಸಿದ್ಧವಾಗಿವೆ. ವೇಷಭೂಷಣವನ್ನು ಪಟ್ಟಣದ ನಾಟಕದ ಡ್ರೆಸ್ ಅಂಗಡಿಗಳಿಂದ ಬಾಡಿಗೆಗೆ ತರುವುದು ರೂಢಿ. ಹೆಚ್ಚು ಪಾತ್ರಗಳಿರುವ ಆಟಗಳಿಗೆ ಬಾಡಿಗೆ ದುಬಾರಿಯಾಗುವುದರಿಂದ ಮತ್ತು ಬಾಡಿಗೆಯ ಕವಚ ಎಲ್ಲರ ಮೈಗೂ ಸರಿಯಾಗದಿರುವುದರಿಂದ, ಕೆಲವು ಭಾಗಗಳನ್ನು ಊರಿನಲ್ಲಿಯೇ ತಯಾರಿಸಿಕೊಳ್ಳುವುದು ಉಪಯುಕ್ತವಾಗುತ್ತದೆ.

ದೊಡ್ಡಾಟವೂ ಸೇರಿದಂತೆ ಬಯಲಾಟ ಪ್ರಕಾರಗಳಿಗಾಗಿ ಕರ್ನಾಟಕ ಬಯಲಾಟ ಅಕಾಡೆಮಿಯು ಬಾಗಲಕೋಟೆಯಲ್ಲಿ ಕಾರ್ಯನಿರ್ವಹಿಸುತ್ತದೆ. ಕುಂದಗೋಳಕ್ಕೆ ಸಮೀಪದ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ.

ಶಾಲಾ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ನಡೆಸುವ ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷ ಒಂದು ಸ್ಪರ್ಧಾ ವಿಭಾಗವಾಗಿದೆ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಕರ್ಣ, ಅರ್ಜುನ ಮೊದಲಾದ ವೇಷಗಳಿಗೆ ಪಾಲಕರು ಮತ್ತು ಶಿಕ್ಷಕರು ರಟ್ಟು, ಚಿನ್ನದ ಕಾಗದ ಹಾಗೂ ಪ್ಲಾಸ್ಟಿಕ್‌ನಿಂದ ಕವಚ ಮಾಡಿ ತೊಡಿಸುತ್ತಾರೆ. ಗ್ರಾಮೀಣ ಭಾಗದಲ್ಲಿ ಮನೆಯಲ್ಲಿಯೇ ಕವಚ ತಯಾರಿಸುವ ಸಂದರ್ಭಗಳಲ್ಲಿ ಇದೂ ಒಂದಾಗಿದೆ.

ವೀರಗಾಸೆ ಕಲಾವಿದರು ಮತ್ತು ಪುರವಂತರು ಧರಿಸುವ ವೀರಭದ್ರನ ಲೋಹದ ಫಲಕವು ನೋಟದಲ್ಲಿ ಕವಚವನ್ನು ಹೋಲಿದರೂ ಅದು ಪೂಜಾವಸ್ತು. ಆದ್ದರಿಂದ ಅದನ್ನು ವೇಷಕವಚವೆಂದು ಪರಿಗಣಿಸಲಾಗುವುದಿಲ್ಲ.

ಇತರ ದೇಶಗಳಲ್ಲಿ

ಪ್ಲಾಸ್ಟಿಕ್ ವೇಷಕವಚ ಜಗತ್ತಿನಾದ್ಯಂತ ಜನಪ್ರಿಯವಾದದ್ದು 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಲನಚಿತ್ರದ ನಂತರ. ಅದರ ಸ್ಟಾರ್ಮ್‌ಟ್ರೂಪರ್ ಸೈನಿಕರ ಬಿಳಿಯ ಕವಚವನ್ನು 1976ರಲ್ಲಿ ಇಂಗ್ಲೆಂಡಿನಲ್ಲಿ, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಗಾಳಿಯ ಎಳೆತದಿಂದ ಕೂರಿಸುವ ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನದಲ್ಲಿ ತಯಾರಿಸಲಾಗಿತ್ತು. ಈ ಶಿರಸ್ತ್ರಾಣದ ಪ್ರತಿಗಳ ಮಾರಾಟದ ಬಗ್ಗೆ ಲ್ಯೂಕಾಸ್‌ಫಿಲ್ಮ್ ಮತ್ತು ತಯಾರಕ ಆಂಡ್ರ್ಯೂ ಐನ್ಸ್‌ವರ್ತ್ ನಡುವೆ ನಡೆದ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ನೀಡಿತು. ಶಿರಸ್ತ್ರಾಣವು ಆ ದೇಶದ ಕೃತಿಸ್ವಾಮ್ಯ ಕಾನೂನಿನ ಅರ್ಥದಲ್ಲಿ ಶಿಲ್ಪಕೃತಿಯಲ್ಲ, ಚಲನಚಿತ್ರ ನಿರ್ಮಾಣದ ಒಂದು ಉಪಯೋಗವಸ್ತು ಎಂಬುದು ಆ ತೀರ್ಪಿನ ಸಾರ.

ಇದೇ ಕವಚವನ್ನು ಸ್ವತಃ ತಯಾರಿಸಿ ತೊಡುವ ಅಭಿಮಾನಿಗಳ 501ನೇ ಲೀಜನ್ ಎಂಬ ಸಂಘಟನೆ ಅಮೆರಿಕದಲ್ಲಿ 1997ರಲ್ಲಿ ಆರಂಭವಾಯಿತು. ಕಥಾಪಾತ್ರಗಳ ವೇಷ ಧರಿಸುವ ಹವ್ಯಾಸಕ್ಕೆ ಬಳಕೆಯಲ್ಲಿರುವ ಕಾಸ್‌ಪ್ಲೇ ಎಂಬ ಪದ 1980ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ವೇದಿಕೆಯಾದ ಕಾಮಿಕ್ ಕಾನ್ 2012ರಲ್ಲಿ ಬೆಂಗಳೂರಿಗೆ ಬಂದಿತು.

ಸಾಮಗ್ರಿಗಳು

ಸಾಮಗ್ರಿಯ ಆಯ್ಕೆಯಲ್ಲಿ ತೂಕ, ಮೆದುವಾಗುವ ಉಷ್ಣತೆ, ಅಂಟಿಕೊಳ್ಳುವ ಗುಣ ಮತ್ತು ಸ್ಥಳೀಯ ಲಭ್ಯತೆ ಮುಖ್ಯ ಅಂಶಗಳು.

- ಪಿವಿಸಿ: ನೀರಿನ ಕೊಳವೆಗಳ ರೂಪದಲ್ಲಿ ಎಲ್ಲ ಊರುಗಳಲ್ಲಿಯೂ ದೊರೆಯುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗತೊಡಗುವುದರಿಂದ ಕುದಿಯುವ ನೀರಿನಲ್ಲಿ ಅದ್ದಿಯೂ ಬಗ್ಗಿಸಬಹುದು. ಕೊಳವೆಯನ್ನು ಉದ್ದಕ್ಕೆ ಸೀಳಿ ಕಾಯಿಸಿ ಹಲಗೆಗಳ ನಡುವೆ ಒತ್ತಿದರೆ ಹಾಳೆಯಾಗುತ್ತದೆ. 110 ಮಿ.ಮೀ. ವ್ಯಾಸದ ಕೊಳವೆಯಿಂದ ಸುಮಾರು 34.5 ಸೆಂ.ಮೀ. ಅಗಲದ, 160 ಮಿ.ಮೀ. ವ್ಯಾಸದ ಕೊಳವೆಯಿಂದ ಸುಮಾರು 50 ಸೆಂ.ಮೀ. ಅಗಲದ ಹಾಳೆ ದೊರೆಯುತ್ತದೆ. ಕೊಳವೆಯ ಸಾಲ್ವೆಂಟ್ ಅಂಟಿನಿಂದ ಇದನ್ನು ಗಟ್ಟಿಯಾಗಿ ಜೋಡಿಸಬಹುದು.
- ಎಬಿಎಸ್: ಪೆಟ್ಟು ತಡೆಯುವ, ಒಡೆಯದೆ ಬಾಗುವ ಪ್ಲಾಸ್ಟಿಕ್. ಸುಮಾರು 105 ಡಿಗ್ರಿಯಲ್ಲಿ ಮೆದುವಾಗತೊಡಗುತ್ತದೆ. ಅಚ್ಚಿನ ಮೇಲೆ ಕೂರಿಸಲು ಇನ್ನೂ ಹೆಚ್ಚಿನ ಶಾಖ ಬೇಕು. ಅಸಿಟೋನ್‌ನಲ್ಲಿ ಕರಗುವುದರಿಂದ ಇದರ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಅಂಟಾಗಿ ಮತ್ತು ಬಿರುಕು ತುಂಬುವ ಲೇಪನವಾಗಿ ಬಳಸಬಹುದು. ಕವಚಕ್ಕೆ 1.5ರಿಂದ 2.5 ಮಿ.ಮೀ. ದಪ್ಪದ ಹಾಳೆ ಸಾಕಾಗುತ್ತದೆ.
- ಹಿಪ್ಸ್: ಗಟ್ಟಿಗೊಳಿಸಿದ ಪಾಲಿಸ್ಟೈರೀನ್ ಹಾಳೆ. ಕತ್ತರಿಸಲು ಮತ್ತು ರೂಪಿಸಲು ಎಬಿಎಸ್‌ಗಿಂತ ಸುಲಭ, ಆದರೆ ಅದರಷ್ಟು ಬಾಳಿಕೆ ಬರುವುದಿಲ್ಲ.
- ಇವಿಎ ಫೋಮ್: ಮಕ್ಕಳ ಆಟದ ಚಾಪೆ ಮತ್ತು ಕರಕುಶಲ ಹಾಳೆಗಳ ರೂಪದಲ್ಲಿ ದೊರೆಯುತ್ತದೆ. ಬಹಳ ಹಗುರ, ಕತ್ತರಿಯಿಂದಲೇ ಕತ್ತರಿಸಬಹುದು. ಮಕ್ಕಳ ವೇಷಕ್ಕೆ ಇದು ಹೆಚ್ಚು ಸೂಕ್ತ. ಫೆವಿಬಾಂಡ್‌ನಂತಹ ಅಂಟನ್ನು ಎರಡೂ ಮೇಲ್ಮೈಗಳಿಗೆ ಸವರಿ ಸ್ವಲ್ಪ ಒಣಗಿಸಿ ಜೋಡಿಸಲಾಗುತ್ತದೆ.
- ಸನ್‌ಬೋರ್ಡ್: ನಾಮಫಲಕಗಳಿಗೆ ಬಳಸುವ ಹಗುರ ಹಲಗೆ. ಚಪ್ಪಟೆಯಾದ ಅಲಂಕಾರಗಳಿಗೆ ಉಪಯುಕ್ತ.
- ಎಚ್‌ಡಿಪಿಇ ಮತ್ತು ಪಾಲಿಪ್ರೊಪಿಲೀನ್: ಡ್ರಮ್, ಬಕೆಟ್, ಕೊಡಗಳ ಪ್ಲಾಸ್ಟಿಕ್. ಇವಕ್ಕೆ ಸಾಮಾನ್ಯ ಅಂಟು ಮತ್ತು ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ರಿವೀಟ್ ಹಾಕಿಯೇ ಜೋಡಿಸಬೇಕು.
- ಥರ್ಮಕೋಲ್: ಹಗುರವಾದರೂ ಸುಲಭವಾಗಿ ಮುರಿಯುತ್ತದೆ. ಸಾಲ್ವೆಂಟ್ ಇರುವ ಅಂಟು ಮತ್ತು ಸ್ಪ್ರೇ ಬಣ್ಣಗಳು ಇದನ್ನು ಕರಗಿಸುತ್ತವೆ. ಅಲಂಕಾರಕ್ಕೆ ಬಳಸುವ ಥರ್ಮಕೋಲ್ 2022ರ ಜುಲೈ 1ರಿಂದ ಭಾರತದಲ್ಲಿ ನಿಷೇಧಿತ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿದೆ.

ಕೀಟನಾಶಕ, ಕಳೆನಾಶಕ ಅಥವಾ ಇತರ ರಾಸಾಯನಿಕಗಳನ್ನು ತುಂಬಿದ್ದ ಡಬ್ಬಿ ಮತ್ತು ಡ್ರಮ್‌ಗಳನ್ನು ವೇಷಕವಚಕ್ಕೆ ಬಳಸಬಾರದು. ಪ್ಲಾಸ್ಟಿಕ್ ಹೀರಿಕೊಂಡ ವಿಷ ತೊಳೆದರೂ ಪೂರ್ತಿ ಹೋಗುವುದಿಲ್ಲ. ಕಾಯಿಸಿದಾಗ ಅದು ಹೊಗೆಯಾಗಿಯೂ, ತೊಟ್ಟಾಗ ಬೆವರಿನ ಮೂಲಕವೂ ಮೈ ಸೇರಬಹುದು.

ತೂಕದ ಹೋಲಿಕೆ

2 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಎಬಿಎಸ್ ಹಾಳೆ ಸುಮಾರು 2.1 ಕಿ.ಗ್ರಾಂ. ತೂಗುತ್ತದೆ. ಅಷ್ಟೇ ದಪ್ಪದ ಪಿವಿಸಿ ಸುಮಾರು 2.8 ಕಿ.ಗ್ರಾಂ. ತೂಗುತ್ತದೆ. ಕೇವಲ 1 ಮಿ.ಮೀ. ದಪ್ಪದ ಉಕ್ಕಿನ ತಗಡು ಇದೇ ಅಳತೆಗೆ ಸುಮಾರು 7.8 ಕಿ.ಗ್ರಾಂ. ಇರುತ್ತದೆ. ಒಂದೂವರೆ ಚದರ ಮೀಟರ್ ಎಬಿಎಸ್ ಬಳಸಿದ ಕವಚ ಸುಮಾರು 3 ಕಿ.ಗ್ರಾಂ. ಆಗುತ್ತದೆ. ಲಾಡಿ, ಬಕಲ್, ಒಳಮೆತ್ತೆಗಳ ತೂಕ ಇದಕ್ಕೆ ಸೇರುತ್ತದೆ.

ಅಳತೆ ಮತ್ತು ನಮೂನೆ

ಕವಚದ ಒಳಗೆ ತೊಡುವ ಬಟ್ಟೆಯನ್ನು ಉಟ್ಟ ನಂತರವೇ ಅಳತೆ ತೆಗೆದುಕೊಳ್ಳಬೇಕು. ನಿಲುವಂಗಿ ಮತ್ತು ವೀರಗಚ್ಚೆಯ ಮಡಿಕೆಗಳು ಸೊಂಟ ಮತ್ತು ತೊಡೆಯ ಸುತ್ತಳತೆಯನ್ನು ಗಮನಾರ್ಹವಾಗಿ ಹೆಚ್ಚಿಸುತ್ತವೆ. ಎದೆ, ಸೊಂಟ, ಹೆಗಲಿನ ಅಗಲ, ಕತ್ತಿನ ಬುಡದಿಂದ ಸೊಂಟದವರೆಗಿನ ಉದ್ದ, ಮಡಿಸಿದ ತೋಳು, ಮುಂಗೈ, ಮಣಿಕಟ್ಟು, ತೊಡೆ ಮತ್ತು ಮೀನಖಂಡಗಳ ಅಳತೆ ಅಗತ್ಯ. ಎಡ ಮತ್ತು ಬಲ ಭಾಗಗಳು ಒಂದೇ ಅಳತೆಯಲ್ಲಿ ಇರುವುದಿಲ್ಲವಾದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ಅಳೆಯಲಾಗುತ್ತದೆ.

ನಮೂನೆ ತಯಾರಿಸುವ ಸರಳ ವಿಧಾನ ಹೀಗಿದೆ. ಹಳೆಯ ಬನಿಯನ್ ತೊಡಿಸಿ, ಅದರ ಮೇಲೆ ಅಂಟುಪಟ್ಟಿಯನ್ನು ಬಿಗಿಯದೆ ಸುತ್ತಿ, ಬೇಕಾದ ಆಕಾರವನ್ನು ಪೆನ್ನಿನಿಂದ ಗುರುತಿಸಲಾಗುತ್ತದೆ. ನಂತರ ಅದನ್ನು ಎಚ್ಚರಿಕೆಯಿಂದ ಕತ್ತರಿಸಿ ತೆಗೆದು, ಚಪ್ಪಟೆಯಾಗಿ ಹರಡಿ, ಕಾಗದದ ಮೇಲೆ ಪ್ರತಿ ಮಾಡಲಾಗುತ್ತದೆ. ಕಾಗದದ ನಮೂನೆಯಿಂದ ಮೊದಲು ರಟ್ಟಿನ ಕವಚ ಮಾಡಿ ತೊಟ್ಟು ನೋಡಿ, ದೋಷಗಳನ್ನು ತಿದ್ದಿದ ಮೇಲೆ ಮಾತ್ರ ಪ್ಲಾಸ್ಟಿಕ್ ಕತ್ತರಿಸಬೇಕು.

ಕೈಕಾಲುಗಳ ಭಾಗಗಳಿಗೆ ಸುತ್ತಳತೆಯ ಜೊತೆ ಸಡಿಲಿಕೆಗಾಗಿ ಸುಮಾರು 3 ಸೆಂ.ಮೀ. ಮತ್ತು ಅಂಚುಗಳು ಒಂದರ ಮೇಲೊಂದು ಕೂರಲು ಸುಮಾರು 2 ಸೆಂ.ಮೀ. ಸೇರಿಸಲಾಗುತ್ತದೆ. ಉದಾಹರಣೆಗೆ, ಮುಂಗೈಯ ದಪ್ಪ ಭಾಗ 26 ಸೆಂ.ಮೀ. ಮತ್ತು ಮಣಿಕಟ್ಟು 17 ಸೆಂ.ಮೀ. ಇದ್ದರೆ, ಹಾಳೆಯನ್ನು ಒಂದು ತುದಿಯಲ್ಲಿ 31 ಸೆಂ.ಮೀ., ಇನ್ನೊಂದು ತುದಿಯಲ್ಲಿ 22 ಸೆಂ.ಮೀ. ಅಗಲಕ್ಕೆ ಕತ್ತರಿಸಬೇಕು. 110 ಮಿ.ಮೀ. ಕೊಳವೆಯಿಂದ ಇದು ಸಾಧ್ಯ. ಮುಂಗೈ ಕವಚವನ್ನು ಸೀಳಿಲ್ಲದ ಕೊಳವೆಯಂತೆ ಮುಚ್ಚಿದರೆ ಅಂಗೈ ಒಳಗೆ ತೂರುವುದಿಲ್ಲ. ಆದ್ದರಿಂದ ಒಳಬದಿಯಲ್ಲಿ ಉದ್ದಕ್ಕೆ ಸೀಳು ಬಿಟ್ಟು ಪಟ್ಟಿಯಿಂದ ಬಿಗಿಯಲಾಗುತ್ತದೆ.

ಆಕಾರದ ಆಯ್ಕೆಯಲ್ಲಿ ಹಳೆಯ ಕವಚಗಳ ರಚನೆ ಸಹಾಯಕ. ಪರ್ಷಿಯಾ, ಮುಘಲ್ ಭಾರತ ಮತ್ತು ದಖನ್ನಿನಲ್ಲಿ ಬಳಕೆಯಲ್ಲಿದ್ದ ಚಾರ್‌ಆಯ್ನಾ ಕವಚದಲ್ಲಿ ಎದೆ, ಬೆನ್ನು ಮತ್ತು ಎರಡು ಪಕ್ಕೆಗಳಿಗೆ ತಲಾ ಒಂದರಂತೆ ನಾಲ್ಕು ಫಲಕಗಳನ್ನು ಪಟ್ಟಿಗಳಿಂದ ಕೂಡಿಸಲಾಗುತ್ತಿತ್ತು. ಪ್ರತಿ ಫಲಕಕ್ಕೂ ಸ್ವಲ್ಪ ಬಾಗು ಕೊಟ್ಟರೆ ಸಾಕಾಗುವುದರಿಂದ, ಅಚ್ಚು ಇಲ್ಲದೆ ಮನೆಯಲ್ಲಿ ಮಾಡಲು ಈ ರಚನೆ ಅತ್ಯಂತ ಸುಲಭವಾದದ್ದು.

ತಯಾರಿಕೆ

ಕತ್ತರಿಸುವುದು

ಎಬಿಎಸ್ ಮತ್ತು ಹಿಪ್ಸ್ ಹಾಳೆಗಳನ್ನು ಪೂರ್ತಿ ಕತ್ತರಿಸಬೇಕಾಗಿಲ್ಲ. ಹರಿತವಾದ ಚಾಕುವಿನಿಂದ ಗೆರೆಯ ಮೇಲೆ ಎರಡು ಮೂರು ಸಲ ಗೀರಿ, ಹಿಂದಕ್ಕೆ ಮಡಚಿದರೆ ಗೆರೆಯುದ್ದಕ್ಕೂ ಮುರಿಯುತ್ತದೆ. ಬಾಗಿದ ಅಂಚುಗಳನ್ನು ತಗಡು ಕತ್ತರಿಸುವ ಕತ್ತರಿಯಿಂದ ಕತ್ತರಿಸಲಾಗುತ್ತದೆ. ಪಿವಿಸಿಗೆ ಸಣ್ಣ ಹಲ್ಲಿನ ಗರಗಸ ಬೇಕಾಗುತ್ತದೆ. ಎಲ್ಲ ಅಂಚುಗಳನ್ನೂ ಉಜ್ಜುಕಾಗದದಿಂದ ಉಜ್ಜಿ ದುಂಡಗಾಗಿಸಬೇಕು. ಕಂಕುಳು ಮತ್ತು ಕುತ್ತಿಗೆಯ ಬಳಿಯ ಅಂಚುಗಳಿಗೆ ಬಟ್ಟೆಯ ಪಟ್ಟಿ ಅಂಟಿಸುವುದು ಒಳ್ಳೆಯದು.

ಶಾಖದಿಂದ ರೂಪಿಸುವುದು

ಬಿಸಿಗಾಳಿ ಬೀಸುವ ಹೀಟ್ ಗನ್ ಈ ಕೆಲಸಕ್ಕೆ ಸೂಕ್ತ ಉಪಕರಣ. ಒಂದೇ ಜಾಗಕ್ಕೆ ಹಿಡಿಯದೆ ಆಡಿಸುತ್ತ ಕಾಯಿಸಬೇಕು. ಹಾಳೆ ಬಳಕಿ ಜೋಲತೊಡಗಿದಾಗ ದಪ್ಪ ಕೈಚೀಲ ತೊಟ್ಟು, ಬಟ್ಟೆ ಸುತ್ತಿದ ಕೊಡ, ಒನಕೆ ಅಥವಾ ಬೇಕಾದ ದಪ್ಪದ ಕೊಳವೆಯ ಮೇಲೆ ಒತ್ತಿ, ಆರುವವರೆಗೆ ಹಿಡಿದುಕೊಳ್ಳಲಾಗುತ್ತದೆ. ಬಿಸಿ ಹಾಳೆಯನ್ನು ಎಂದಿಗೂ ನೇರವಾಗಿ ಮೈಮೇಲೆ ಇಟ್ಟು ರೂಪಿಸಬಾರದು. ರೂಪ ತಪ್ಪಿದರೆ ಮತ್ತೆ ಕಾಯಿಸಿ ತಿದ್ದಬಹುದು, ಆದರೆ ಒಂದೇ ಜಾಗವನ್ನು ಪದೇ ಪದೇ ಕಾಯಿಸಿದರೆ ಅಲ್ಲಿ ಪ್ಲಾಸ್ಟಿಕ್ ತೆಳುವಾಗುತ್ತದೆ.

ಗ್ರಾಮೀಣ ಭಾಗದಲ್ಲಿ ನೀರಿನ ಕೊಳವೆಗಳ ತುದಿಯನ್ನು ಬೆಂಕಿಯ ಮೇಲೆ ಹಿಡಿದು ಅಗಲಿಸುವ ರೂಢಿಯಿದೆ. ಕವಚಕ್ಕೆ ಈ ವಿಧಾನ ಸೂಕ್ತವಲ್ಲ. ಬೆಂಕಿಯ ಶಾಖ ಸಮವಾಗಿ ಹರಡುವುದಿಲ್ಲ, ಮತ್ತು ಪಿವಿಸಿ ಸುಟ್ಟಾಗ ಕಣ್ಣು, ಗಂಟಲು ಹಾಗೂ ಶ್ವಾಸಕೋಶಗಳಿಗೆ ಹಾನಿಕರವಾದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ತೆಳು ಹಾಳೆಗೆ ಕುದಿಯುವ ನೀರು ಹೆಚ್ಚು ಸುರಕ್ಷಿತ ಮಾರ್ಗ.

ಅಚ್ಚಿನ ಮೇಲೆ ಕೂರಿಸುವುದು

ಒಂದೇ ಆಕಾರದ ಹಲವು ಕವಚಗಳು ಬೇಕಾದಾಗ ವ್ಯಾಕ್ಯೂಮ್ ಫಾರ್ಮಿಂಗ್ ಅನುಕೂಲಕರ. ಮರ ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚನ್ನು ಸಾಲು ತೂತುಗಳಿರುವ ಪೆಟ್ಟಿಗೆಯ ಮೇಲೆ ಇಟ್ಟು, ಚೌಕಟ್ಟಿಗೆ ಬಿಗಿದ ಹಾಳೆಯನ್ನು ಕಾಯಿಸಿ ಅದರ ಮೇಲೆ ಇಳಿಸಿ, ಪೆಟ್ಟಿಗೆಗೆ ಜೋಡಿಸಿದ ವ್ಯಾಕ್ಯೂಮ್ ಕ್ಲೀನರ್‌ನಿಂದ ಒಳಗಿನ ಗಾಳಿಯನ್ನು ಎಳೆಯಲಾಗುತ್ತದೆ. ಹೊರಗಿನ ಗಾಳಿಯ ಒತ್ತಡದಿಂದ ಹಾಳೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಅಚ್ಚಿನ ಬದಿಗಳು ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗಿರಬೇಕು. ಬದಿಯಲ್ಲಿ ಒಳಸರಿದ ಕುಳಿಗಳಿದ್ದರೆ ಆರಿದ ಹಾಳೆ ಅಚ್ಚಿನಿಂದ ಬಿಡುವುದಿಲ್ಲ.

ಬಣ್ಣ ಮತ್ತು ಅಲಂಕಾರ

ನುಣುಪಾದ ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯಲು ಮೊದಲು ಸಣ್ಣ ಉಜ್ಜುಕಾಗದದಿಂದ ಉಜ್ಜಿ, ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಪ್ರೈಮರ್ ಹಚ್ಚಬೇಕು. ಇವಿಎ ಫೋಮ್ ಬಣ್ಣವನ್ನು ಹೀರುವುದರಿಂದ ಮೊದಲು ನೀರು ಬೆರೆಸಿದ ಫೆವಿಕಾಲ್‌ನ ಕೆಲವು ಲೇಪನ ಕೊಡಲಾಗುತ್ತದೆ. ದೂರದಿಂದ ನೋಡುವ ಪ್ರೇಕ್ಷಕರಿಗೆ ಸೂಕ್ಷ್ಮ ಚಿತ್ತಾರಕ್ಕಿಂತ ಉಬ್ಬು ಅಂಚು ಮತ್ತು ಬೆಳಕನ್ನು ಹಿಂದಿರುಗಿಸುವ ಬೇಗಡೆ, ಕನ್ನಡಿಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಮೈಗೆ ಹೊಂದಿಸುವುದು

ಎದೆ ಮತ್ತು ಬೆನ್ನು

ಆಳವಾಗಿ ಉಸಿರೆಳೆದಾಗ ವಯಸ್ಕನ ಎದೆಯ ಸುತ್ತಳತೆ ಕೆಲವು ಸೆಂಟಿಮೀಟರ್ ಹೆಚ್ಚುತ್ತದೆ. ಎದೆಗವಚ ಮತ್ತು ಬೆನ್ನುಗವಚಗಳನ್ನು ಪಕ್ಕೆಯಲ್ಲಿ ಗಟ್ಟಿಯಾಗಿ ಕೂಡಿಸಿದರೆ ನಟನಿಗೆ ಪೂರ್ಣ ಉಸಿರು ಸಿಗುವುದಿಲ್ಲ. ಏರುಧ್ವನಿಯ ಪದ ಮತ್ತು ದೀರ್ಘ ಮಾತುಗಳಿರುವ ದೊಡ್ಡಾಟದಲ್ಲಿ ಇದರಿಂದ ಧ್ವನಿ ಬೇಗ ಸೋಲುತ್ತದೆ. ಆದ್ದರಿಂದ ಪ್ರತಿ ಪಕ್ಕೆಯಲ್ಲಿ 3ರಿಂದ 5 ಸೆಂ.ಮೀ. ಅಂತರ ಬಿಟ್ಟು ಅಗಲವಾದ ಇಲಾಸ್ಟಿಕ್ ಪಟ್ಟಿಯಿಂದ ಜೋಡಿಸಬೇಕು. ಉಸಿರನ್ನು ಪೂರ್ತಿ ಎಳೆದುಕೊಂಡ ಸ್ಥಿತಿಯಲ್ಲಿಯೇ ಪಟ್ಟಿಯ ಉದ್ದವನ್ನು ಗುರುತಿಸಲಾಗುತ್ತದೆ.

ಎದೆಗವಚದ ಕೆಳಅಂಚು ಸೊಂಟದ ಮೂಳೆಗಿಂತ ಸಾಕಷ್ಟು ಮೇಲೆ, ಹೊಕ್ಕುಳಿನ ಆಸುಪಾಸಿನಲ್ಲಿ ನಿಲ್ಲಬೇಕು. ಅದಕ್ಕಿಂತ ಉದ್ದವಾದರೆ ಸಿಂಹಾಸನದಲ್ಲಿ ಕುಳಿತಾಗ ತೊಡೆಗಳು ಕವಚವನ್ನು ಮೇಲಕ್ಕೆ ನೂಕಿ, ಮೇಲಂಚು ಗಂಟಲಿಗೆ ಒತ್ತುತ್ತದೆ. ಕವಚದ ಭಾರ ಕುತ್ತಿಗೆಯ ಬುಡದ ಮೇಲೆ ಬೀಳದೆ ಹೆಗಲಿನುದ್ದಕ್ಕೂ ಹರಡುವಂತೆ 4ರಿಂದ 5 ಸೆಂ.ಮೀ. ಅಗಲದ ನವಾರು ಪಟ್ಟಿ ಬಳಸಲಾಗುತ್ತದೆ. ತೊಡೆಗವಚಗಳ ಭಾರವನ್ನು ಎದೆಗವಚಕ್ಕೆ ನೇತುಹಾಕದೆ ಪ್ರತ್ಯೇಕ ಸೊಂಟಪಟ್ಟಿಗೆ ಕಟ್ಟಬೇಕು.

ಭುಜ ಮತ್ತು ಕೈಕಾಲುಗಳು

ಭುಜಕೀರ್ತಿಯನ್ನು ಎದೆಗವಚಕ್ಕೆ ಅಲುಗದಂತೆ ಕೂಡಿಸಿದರೆ ತೋಳು ಎತ್ತಿದಾಗ ಅದು ಕಿವಿ ಮತ್ತು ಕೆನ್ನೆಗೆ ಬಡಿಯುತ್ತದೆ. ಹೆಗಲಪಟ್ಟಿಗೆ ಒಂದೇ ಬಿಂದುವಿನಲ್ಲಿ ದಾರದಿಂದ ಕಟ್ಟಿ, ಕೆಳತುದಿಯನ್ನು ತೋಳಿಗೆ ಸಡಿಲವಾದ ಇಲಾಸ್ಟಿಕ್‌ನಿಂದ ಹಿಡಿಸಿದರೆ ಅದು ತೋಳಿನ ಜೊತೆ ಚಲಿಸುತ್ತದೆ. ಹಳೆಯ ಮರದ ಭುಜಕೀರ್ತಿಗಳನ್ನು ಲಾಡಿಯಿಂದ ಕಟ್ಟುವ ಕ್ರಮಕ್ಕೂ ಇದೇ ಉಪಯೋಗವಿದೆ.

ಮೊಣಕೈಯ ಒಳಮಡಿಕೆ, ಕಂಕುಳು, ತೊಡೆಯ ಸಂದು ಮತ್ತು ಮೊಣಕಾಲಿನ ಹಿಂಭಾಗಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಇರಬಾರದು. ಕೀಲಿನ ಎರಡೂ ಕಡೆ ಕನಿಷ್ಠ ಎರಡು ಬೆರಳಿನಷ್ಟು ಜಾಗ ಬಿಡಲಾಗುತ್ತದೆ. ಗೆಜ್ಜೆ ಕಟ್ಟಿ ಕುಣಿಯುವ ಪಾತ್ರಗಳಲ್ಲಿ ಕಣಕಾಲು ಕವಚವು ಗೆಜ್ಜೆಯ ಮೇಲೆಯೇ ಮುಗಿಯಬೇಕು. ಇಲ್ಲದಿದ್ದರೆ ಗೆಜ್ಜೆಯ ನಾದ ಅಡಗುತ್ತದೆ ಮತ್ತು ಪ್ಲಾಸ್ಟಿಕ್‌ನ ಅಂಚು ಪಾದದ ಗಂಟನ್ನು ತರಚುತ್ತದೆ.

ತಲೆ

ಶಿರಸ್ತ್ರಾಣದ ಒಳಸುತ್ತಳತೆ ತಲೆಯ ಸುತ್ತಳತೆಗಿಂತ ಹೆಚ್ಚಿರಬೇಕು. ಸುತ್ತಲೂ 1 ಸೆಂ.ಮೀ. ದಪ್ಪದ ಮೆತ್ತೆ ಇಡುವುದಾದರೆ ಸುತ್ತಳತೆಗೆ ಸುಮಾರು 6.3 ಸೆಂ.ಮೀ. ಸೇರಿಸಬೇಕಾಗುತ್ತದೆ. ಗಲ್ಲದ ಪಟ್ಟಿ ಇಲ್ಲದ ಎತ್ತರದ ಕಿರೀಟ ಕುಣಿತದಲ್ಲಿ ನಿಲ್ಲುವುದಿಲ್ಲ. ನಟನಿಗೆ ಹಿಮ್ಮೇಳ ಕೇಳಿಸಬೇಕಾದ್ದರಿಂದ ಕಿವಿಯ ಭಾಗವನ್ನು ತೆರೆದಿಡಲಾಗುತ್ತದೆ.

ಬಿಗಿಯುವ ಮತ್ತು ಬಿಚ್ಚುವ ವ್ಯವಸ್ಥೆ

ಲಾಡಿ, ಬಕಲ್, ಟಿಚ್ ಬಟನ್ ಮತ್ತು ವೆಲ್ಕ್ರೊ ಸಾಮಾನ್ಯ ಬಂಧಗಳು. ಪ್ಲಾಸ್ಟಿಕ್ ಹಾಳೆಗೆ ರಿವೀಟ್ ಹಾಕುವಾಗ ಹಿಂಬದಿಯಲ್ಲಿ ವಾಷರ್ ಇಡದಿದ್ದರೆ ತೂತು ಹರಿಯುತ್ತದೆ. ಬೆವರು ಮತ್ತು ಧೂಳಿನಿಂದ ವೆಲ್ಕ್ರೊದ ಹಿಡಿತ ಕಡಿಮೆಯಾಗುವುದರಿಂದ ಭಾರ ಹೊರುವ ಜಾಗಗಳಿಗೆ ಬಕಲ್ ಅಥವಾ ಲಾಡಿಯೇ ಉತ್ತಮ.

ಕೆಲವು ಪಾತ್ರಗಳಲ್ಲಿ ಕವಚವನ್ನು ರಂಗದ ಮೇಲೆಯೇ ಬಿಚ್ಚಬೇಕಾಗುತ್ತದೆ. ಬ್ರಾಹ್ಮಣನ ವೇಷದಲ್ಲಿ ಬಂದ ಇಂದ್ರನಿಗೆ ಕರ್ಣನು ಹುಟ್ಟಿನಿಂದ ಬಂದ ಕವಚ ಮತ್ತು ಕುಂಡಲಗಳನ್ನು ದಾನ ಮಾಡುವ ಪ್ರಸಂಗ ಇದಕ್ಕೆ ಪ್ರಸಿದ್ಧ ಉದಾಹರಣೆ. ಕಥೆಯಲ್ಲಿ ಆ ಕವಚ ಮೈಗೆ ಅಂಟಿದ್ದು. ಆದ್ದರಿಂದ ಪ್ರೇಕ್ಷಕರಿಗೆ ಗಂಟು, ಬಕಲ್‌ಗಳು ಕಾಣಬಾರದು ಮತ್ತು ನಟ ಒಬ್ಬನೇ ಅದನ್ನು ಬೇಗ ತೆಗೆಯುವಂತಿರಬೇಕು. ಇಂತಹ ಪಾತ್ರಕ್ಕೆ ಎದೆಗವಚವನ್ನು ಬೆನ್ನುಗವಚದಿಂದ ಬೇರೆಯಾಗಿಯೇ ಮಾಡಿ, ಹೆಗಲು ಮತ್ತು ಪಕ್ಕೆಗಳ ಒಳಬದಿಯಲ್ಲಿ ವೆಲ್ಕ್ರೊ ಅಥವಾ ಟಿಚ್ ಬಟನ್ ಇಡುವುದು ಉಪಯುಕ್ತ. ಒಳಗಿನ ಉಡುಪು ಮೈಬಣ್ಣದ್ದಾಗಿದ್ದರೆ ಪರಿಣಾಮ ಹೆಚ್ಚುತ್ತದೆ.

ಪರೀಕ್ಷೆ

ಬಣ್ಣ ಹಚ್ಚುವ ಮೊದಲು ಪೂರ್ತಿ ಕವಚ ತೊಟ್ಟು ಕೆಳಗಿನ ಚಲನೆಗಳನ್ನು ಮಾಡಿ ನೋಡಲಾಗುತ್ತದೆ.

- ಎರಡೂ ಕೈಗಳನ್ನು ತಲೆಯ ಮೇಲೆ ಎತ್ತುವುದು.
- ಎದೆಯ ಮುಂದೆ ಕೈ ಜೋಡಿಸುವುದು.
- ಕುರ್ಚಿಯ ಮೇಲೆ ಕೂತು ಏಳುವುದು.
- ಒಂದು ಮೊಣಕಾಲೂರಿ ಕೂರುವುದು.
- ರಂಗದ ಮೆಟ್ಟಿಲು ಹತ್ತಿ ಇಳಿಯುವುದು.
- ತನ್ನ ಪಾತ್ರದ ಅತಿ ದೀರ್ಘವಾದ ಮಾತನ್ನು ಏರುಧ್ವನಿಯಲ್ಲಿ ಹೇಳುವುದು.

ಕನಿಷ್ಠ ಅರ್ಧ ಗಂಟೆ ತೊಟ್ಟ ನಂತರ ಬಿಚ್ಚಿ, ಮೈಮೇಲೆ ಕೆಂಪು ಗುರುತು ಮೂಡಿದ ಜಾಗಗಳನ್ನು ಗಮನಿಸಿ, ಅಲ್ಲಿ ಅಂಚನ್ನು ಕತ್ತರಿಸಬೇಕು ಅಥವಾ ಮೆತ್ತೆ ಇಡಬೇಕು. ಕೊನೆಯ ತಾಲೀಮುಗಳನ್ನು ಕವಚ ತೊಟ್ಟೇ ನಡೆಸುವುದು ಸೂಕ್ತ.

ಸುರಕ್ಷತೆ

ಪ್ಲಾಸ್ಟಿಕ್ ಬೆವರನ್ನು ಹೊರಬಿಡುವುದಿಲ್ಲ. ಬೇಸಿಗೆಯ ಜಾತ್ರೆಗಳಲ್ಲಿ ಕವಚದೊಳಗೆ ಶಾಖ ಸೇರಿ ತಲೆಸುತ್ತು, ಸುಸ್ತು, ವಾಕರಿಕೆ ಕಾಣಿಸಿಕೊಳ್ಳಬಹುದು. ಒಳಗೆ ಹತ್ತಿಯ ಬಟ್ಟೆ ತೊಡುವುದು, ಬೆನ್ನುಗವಚದಲ್ಲಿ ಕಾಣದಂತೆ ಗಾಳಿತೂತು ಬಿಡುವುದು, ಪಾತ್ರವಿಲ್ಲದ ಸಮಯದಲ್ಲಿ ಎದೆಗವಚ ಬಿಚ್ಚಿ ನೀರು ಕುಡಿಯುವುದು ಅಗತ್ಯ. ಈ ಲಕ್ಷಣಗಳು ಕಂಡರೆ ಕೂಡಲೇ ಕವಚ ತೆಗೆದು ನೆರಳಿನಲ್ಲಿ ಕೂರಿಸಿ ಮೈ ತಣಿಸಬೇಕು. ಪ್ರಜ್ಞೆ ಮಸುಕಾದರೆ ವೈದ್ಯಕೀಯ ನೆರವು ಪಡೆಯಬೇಕು.

ಎಬಿಎಸ್, ಹಿಪ್ಸ್ ಮತ್ತು ಫೋಮ್‌ಗಳು ಬೆಂಕಿ ಹಿಡಿಯುವ ವಸ್ತುಗಳು. ಕರಗಿದ ಪ್ಲಾಸ್ಟಿಕ್ ಮೈಗೆ ಅಂಟಿಕೊಂಡು ಆಳವಾದ ಸುಟ್ಟಗಾಯ ಮಾಡುತ್ತದೆ. ಪಂಜು, ಆರತಿ, ಪಟಾಕಿಗಳಿರುವ ದೃಶ್ಯಗಳಲ್ಲಿ ದೂರ ಕಾಯ್ದುಕೊಳ್ಳಬೇಕು ಮತ್ತು ರಂಗದ ಪಕ್ಕದಲ್ಲಿ ನೀರು ಹಾಗೂ ಮರಳು ಇಟ್ಟಿರಬೇಕು. ಅಸಿಟೋನ್, ಸಾಲ್ವೆಂಟ್ ಅಂಟು ಮತ್ತು ಸ್ಪ್ರೇ ಬಣ್ಣಗಳನ್ನು ಗಾಳಿಯಾಡುವ ಜಾಗದಲ್ಲಿ, ಒಲೆ ಮತ್ತು ಬೀಡಿಯ ಕಿಡಿಯಿಂದ ದೂರ ಬಳಸಬೇಕು.

ವೇಷಕವಚ ಕತ್ತಿಯ ಪೆಟ್ಟನ್ನು ತಡೆಯುವುದಿಲ್ಲ. ಆದ್ದರಿಂದ ಯುದ್ಧದ ದೃಶ್ಯಗಳಲ್ಲಿ ಹರಿತವಾದ ಆಯುಧ ಬಳಸಬಾರದು. ವೇಷದ ಶಿರಸ್ತ್ರಾಣ ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ ಬದಲಿಯಲ್ಲ. ರಸ್ತೆಯಲ್ಲಿ ಐಎಸ್ 4151 ಮಾನಕದ ಹೆಲ್ಮೆಟ್ ಮಾತ್ರ ರಕ್ಷಣೆ ಕೊಡುತ್ತದೆ. ಮಕ್ಕಳ ಕವಚದಲ್ಲಿ ಕುತ್ತಿಗೆಗೆ ಗಂಟು ಹಾಕುವ ದಾರ ಇರಬಾರದು. ಹಿರಿಯರು ಒಂದೇ ಎಳೆತದಲ್ಲಿ ಬಿಚ್ಚಲು ಸಾಧ್ಯವಾಗುವ ಬಂಧವಿರಬೇಕು.

ಸಂರಕ್ಷಣೆ ಮತ್ತು ಪರಿಸರ

ಎಬಿಎಸ್ ಬಿಸಿಲಿನಲ್ಲಿ ಹಳದಿಯಾಗಿ ಪೆಡಸಾಗುತ್ತದೆ. ತಗಡಿನ ಛಾವಣಿಯ ಕೆಳಗೆ ಅಥವಾ ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ ಒತ್ತಿ ಇಟ್ಟ ಕವಚ ಆಕಾರ ಕಳೆದುಕೊಳ್ಳಬಹುದು. ಪ್ರಯೋಗದ ನಂತರ ಒಳಭಾಗವನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಹಳೆಯ ಬಟ್ಟೆ ತುಂಬಿ ಇಡಲಾಗುತ್ತದೆ.

ಮರದ ಆಭರಣಗಳನ್ನು ಊರಿನ ಬಡಿಗರು ದುರಸ್ತಿ ಮಾಡಬಲ್ಲರು, ಹಾಗೂ ಅವು ತಲೆಮಾರುಗಳವರೆಗೆ ಬಾಳುತ್ತವೆ. ಪ್ಲಾಸ್ಟಿಕ್ ಅಗ್ಗ ಮತ್ತು ಹಗುರವಾದರೂ ಮುರಿದಾಗ ಕಸವಾಗುತ್ತದೆ. ಒಂದು ದಿನದ ಸ್ಪರ್ಧೆಗೆ ಮಾಡಿದ ಕವಚಗಳಲ್ಲಿ ಈ ಸಮಸ್ಯೆ ಹೆಚ್ಚು. ಭಾಗಗಳನ್ನು ಅಂಟಿಸುವ ಬದಲು ರಿವೀಟ್ ಮತ್ತು ಲಾಡಿಯಿಂದ ಜೋಡಿಸಿದರೆ ಮುರಿದ ಫಲಕವನ್ನಷ್ಟೇ ಬದಲಾಯಿಸಬಹುದು, ಲಾಡಿಗಳನ್ನು ಉದ್ದವಾಗಿ ಬಿಟ್ಟರೆ ಮುಂದಿನ ವರ್ಷ ಬೇರೊಬ್ಬರ ಮೈಗೂ ಹೊಂದಿಸಬಹುದು. ಉಳಿದ ಚೂರುಗಳನ್ನು, ವಿಶೇಷವಾಗಿ ಪಿವಿಸಿಯನ್ನು, ಹೊಲ ಅಥವಾ ತಿಪ್ಪೆಯಲ್ಲಿ ಸುಡಬಾರದು.

ಇವನ್ನೂ ನೋಡಿ

- ದೊಡ್ಡಾಟ
- ಮೂಡಲಪಾಯ
- ಯಕ್ಷಗಾನ
- ಪ್ರತಿಭಾ ಕಾರಂಜಿ
- ಎಬಿಎಸ್ ಪ್ಲಾಸ್ಟಿಕ್